ಓಡದ ಕಾರಿಗೆ ಥರ್ಡ್ ಪಾರ್ಟಿ ಪಾಲಿಸಿ: ಮೂರು ವರ್ಷ ಕಟ್ಟಿದ ಮೇಲೆ ನನ್ನ ಅನಿಸಿಕೆ

ಅಪ್ಪನ ಕಾರು ಮನೆ ಮುಂದೆ ನಿಂತು ನಾಲ್ಕು ವರ್ಷ ಆಗುತ್ತಾ ಬಂತು. ಕಣ್ಣಿನ ತೊಂದರೆ ಜಾಸ್ತಿಯಾದ ಮೇಲೆ ಅವರು ಓಡಿಸುವುದನ್ನು ಬಿಟ್ಟರು. ನನಗೆ ಬೇರೆ ಗಾಡಿ ಇದೆ. ಮಾರಿಬಿಡೋಣ ಅಂದರೆ ಅವರಿಗೆ ಮನಸ್ಸು ಬರಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಕಾರು ಅಲ್ಲೇ ನಿಂತಿತು. ಆರ್‌ಸಿ ಅಪ್ಪನ ಹೆಸರಿನಲ್ಲೇ ಇದೆ, ಇನ್ನೂ ಚಾಲ್ತಿಯಲ್ಲಿದೆ. ಈ ಕಾರಿಗೆ ಮೂರು ವರ್ಷದಿಂದ ಥರ್ಡ್ ಪಾರ್ಟಿ ವಿಮೆ ಮಾತ್ರ ಕಟ್ಟುತ್ತಿದ್ದೇನೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ ಇರುವ ವಿಮೆ. ಓಡಿಸದ ಗಾಡಿಗೆ ಸುಮ್ನೆ ಯಾಕೆ ದುಡ್ಡು ಹಾಕುತ್ತೀಯಾ ಅಂತ ಕೇಳಿದವರು ಒಬ್ಬಿಬ್ಬರಲ್ಲ, ಅದಕ್ಕೇ ಇದನ್ನು ಬರೆಯಲು ಕೂತೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಮೂರು ವರ್ಷದಲ್ಲಿ ಎರಡು ಕಂಪನಿ ನೋಡಿದ್ದೇನೆ, ಆದರೆ ಈ ಪಾಲಿಸಿಯ ಮೂಲ ದರ ಎಲ್ಲ ಕಡೆ ಒಂದೇ, ಒಳಗಿನ ಷರತ್ತುಗಳೂ ಹೆಚ್ಚು ಕಡಿಮೆ ಒಂದೇ. ಯಾರ ಹತ್ತಿರ ತೆಗೆದುಕೊಂಡರೂ ಇಲ್ಲಿ ಬರೆದ ಮುಖ್ಯ ವಿಷಯ ಬದಲಾಗುವುದಿಲ್ಲ.

ಮೊದಲನೇ ವರ್ಷ ನಾನು ಏನೂ ಕಟ್ಟಲಿಲ್ಲ. ಹಳೆಯ ಪಾಲಿಸಿ ಮುಗಿಯುತ್ತಿದೆ ಅಂತ ಏಜೆಂಟ್ ಫೋನ್ ಮಾಡಿದಾಗ, ಗಾಡಿ ಓಡಿಸುತ್ತಿಲ್ಲ, ಈ ಸಲ ಬೇಡ ಅಂದೆ. ಅವರೂ ಆಯ್ತು ಸರ್ ಅಂತ ಇಟ್ಟುಬಿಟ್ಟರು. ಬೇಡ ಅಂದರೆ ಏನಾಗುತ್ತದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಅದಾಗಿ ಐದು ತಿಂಗಳಿಗೆ ರಸ್ತೆಗೆ ಟಾರು ಹಾಕುವವರು ಬಂದರು. ಸಾಲಿನಲ್ಲಿ ನಿಲ್ಲಿಸಿದ ಗಾಡಿಗಳನ್ನೆಲ್ಲ ತೆಗೆಯಬೇಕು ಅಂದರು. ನಮ್ಮ ಕಾರಿನ ಬ್ಯಾಟರಿ ಪೂರ್ತಿ ಸತ್ತಿತ್ತು, ಕೀ ತಿರುಗಿಸಿದರೆ ಟಿಕ್ ಅನ್ನುವ ಸದ್ದೂ ಇಲ್ಲ. ಸರಿ, ತಳ್ಳಿ ಪಕ್ಕಕ್ಕೆ ಹಾಕೋಣ ಅಂತ ನಾನು ಒಳಗೆ ಕೂತೆ, ಮುಂದಿನಿಂದ ಇಬ್ಬರು ಕೈ ಕೊಟ್ಟರು.

ನಮ್ಮ ರಸ್ತೆ ನೋಡಲು ಸಮ ಅನ್ನಿಸುತ್ತದೆ, ಆದರೆ ಹಿಂದಕ್ಕೆ ಸ್ವಲ್ಪ ಇಳಿಜಾರು. ಹ್ಯಾಂಡ್ ಬ್ರೇಕ್ ಮೊದಲು ಬಿಡಲೇ ಇಲ್ಲ, ತಿಂಗಳುಗಟ್ಟಲೆ ಎಳೆದೇ ಇಟ್ಟಿದ್ದಕ್ಕೆ ಹಿಂದಿನ ಚಕ್ರ ಕಚ್ಚಿಕೊಂಡಿತ್ತು. ಎರಡು ಸಲ ಜೋರಾಗಿ ತಳ್ಳಿದ ಮೇಲೆ ಟಕ್ ಅಂತ ಬಿಟ್ಟಿತು ನೋಡಿ, ಆಮೇಲೆ ಕಾರು ತಾನೇ ಹೊರಟಿತು. ಎಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಯಾಕೆಂದರೆ ಅದಕ್ಕೆ ಬಲ ಕೊಡುವ ಬೂಸ್ಟರ್‌ಗೆ ಎಂಜಿನ್ ಓಡುತ್ತಿರಬೇಕು. ಪವರ್ ಸ್ಟೀರಿಂಗ್ ಕೂಡ ಅಷ್ಟೇ, ತಿರುಗಿಸಲು ಎರಡೂ ಕೈ ಸಾಲದು. ಪೂರ್ತಿ ಮೈಭಾರ ಹಾಕಿ ಒತ್ತಿ ನಿಲ್ಲಿಸುವಷ್ಟರಲ್ಲಿ ಕಾರು ಹತ್ತು ಹದಿನೈದು ಅಡಿ ಹಿಂದೆ ಹೋಗಿ ಓರೆಯಾಗಿ ಎದುರು ಮನೆಯವರ ಸ್ಕೂಟರಿಗೆ ಗುದ್ದಿ, ಸ್ಕೂಟರನ್ನು ಅವರ ಗೇಟಿಗೆ ಒತ್ತಿ ನಿಂತಿತು. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ಸ್ಕೂಟರ್ ಮೇಲೆ ಆ ಮನೆಯ ಹುಡುಗಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಟಾರಿನ ವಾಸನೆ ತಡೆಯಲಾಗದೆ ಒಳಗೆ ಹೋಗಿದ್ದಳು, ಅಷ್ಟೇ.

ಸ್ಕೂಟರಿನ ಮುಂದಿನ ಫೋರ್ಕ್, ಪ್ಯಾನಲ್, ಗೇಟಿನ ವೆಲ್ಡಿಂಗ್ ಎಲ್ಲ ಸೇರಿ 11,000 ರೂಪಾಯಿ ಆಯಿತು. ಕೈಯಿಂದ ಕೊಟ್ಟೆವು. ಅದು ದೊಡ್ಡ ಮಾತಲ್ಲ. ಆ ದಿನ ರಾತ್ರಿ ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ಹಳೆಯ ಪಾಲಿಸಿ ತೆಗೆದು ತಾರೀಖು ನೋಡಿ, ಆ ಹುಡುಗಿ ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹೆಸರಿನಲ್ಲಿ ಇರುವ ಗಾಡಿಯಿಂದ ಒಬ್ಬರಿಗೆ ಏಟಾದರೆ ಆಸ್ಪತ್ರೆ ಖರ್ಚು, ದುಡಿಮೆಯ ನಷ್ಟ, ಎಲ್ಲವೂ ಅಪ್ಪನ ತಲೆ ಮೇಲೆ. ಅವರು ಆ ಹೊತ್ತಿಗೆ ಒಳಗೆ ಪೇಪರ್ ಓದಿಸಿಕೊಂಡು ಕೂತಿದ್ದರು. ಆದರೂ ಅವರೇ ಮಾಲೀಕರು.

ಆಮೇಲೆ ಕಾನೂನು ಏನು ಹೇಳುತ್ತದೆ ಅಂತ ಓದಿದೆ. ಮೋಟಾರು ವಾಹನ ಕಾಯ್ದೆ, 1988. ಅದರ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಗಾಡಿ ಬಳಸುವ ಹಾಗಿಲ್ಲ, ಬೇರೆಯವರಿಗೆ ಬಳಸಲು ಬಿಡುವ ಹಾಗೂ ಇಲ್ಲ. ಸಿಕ್ಕಿಬಿದ್ದರೆ 196ನೇ ಸೆಕ್ಷನ್ ಕೆಳಗೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕರೆ ದಂಡ 4,000. ಇದನ್ನು ಓದಿದವರು ಸಾಮಾನ್ಯವಾಗಿ ಏನು ಹೇಳುತ್ತಾರೆ ಅಂದರೆ, "ಬಳಸಿದರೆ ತಾನೇ, ನಾನು ಬಳಸುತ್ತಿಲ್ಲವಲ್ಲ". ನಾನೂ ಹಾಗೇ ಅಂದುಕೊಂಡಿದ್ದೆ. ಗಾಡಿ ನಿಮ್ಮ ಕಾಂಪೌಂಡಿನ ಒಳಗೆ, ಗೇಟು ಹಾಕಿದ ಜಾಗದಲ್ಲಿ ಇದ್ದರೆ ಆ ವಾದಕ್ಕೆ ಸ್ವಲ್ಪ ಬಲ ಇದೆ. ಆದರೆ ನಮ್ಮಲ್ಲಿ ಎಷ್ಟು ಜನರ ನಿಂತ ಗಾಡಿ ಕಾಂಪೌಂಡಿನ ಒಳಗಿದೆ ಹೇಳಿ. ಮನೆ ಮುಂದಿನ ರಸ್ತೆ ನಮ್ಮದು ಅಂತ ನಾವು ಅಂದುಕೊಂಡಿರುತ್ತೇವೆ, ಕಾಯ್ದೆಗೆ ಮಾತ್ರ ಅದು ಜನರಿಗೆ ಓಡಾಡುವ ಹಕ್ಕಿರುವ ಜಾಗ, ಅಂದರೆ ಸಾರ್ವಜನಿಕ ಸ್ಥಳ.

ಇನ್ನು ಬಳಸುವುದು ಅಂದರೆ ಓಡಿಸುವುದು ಮಾತ್ರವಾ? ಇದಕ್ಕೆ ಸುಪ್ರೀಂ ಕೋರ್ಟ್ 1991ರಲ್ಲೇ ಉತ್ತರ ಕೊಟ್ಟಿದೆ. ಘಟನೆ ನಡೆದದ್ದು 1987ರ ಅಕ್ಟೋಬರ್ 29ರ ನಸುಕಿನಲ್ಲಿ. ಪುಣೆ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರ್‌ಗೂ ಎದುರಿನಿಂದ ಬಂದ ಲಾರಿಗೂ ಡಿಕ್ಕಿಯಾಗಿ ಟ್ಯಾಂಕರ್ ಹೆದ್ದಾರಿಯಿಂದ ಕೆಳಗೆ ಉರುಳಿ ಬಿತ್ತು. ಪೆಟ್ರೋಲ್ ಸೋರುತ್ತಾ ಹೋಯಿತು. ಬೆಳಗಾಗುತ್ತಲೇ ಜನ ಸೇರಿದರು. ಅಪಘಾತವಾಗಿ ನಾಲ್ಕು ಗಂಟೆಗೂ ಜಾಸ್ತಿ ಹೊತ್ತಾದ ಮೇಲೆ ಅದು ಸಿಡಿಯಿತು, ಹಲವರು ಸತ್ತರು. ಸತ್ತ ಒಬ್ಬರ ಮನೆಯವರು ಪರಿಹಾರ ಕೇಳಿದಾಗ ಬಂದ ವಾದ ಇದು: ಉರುಳಿ ಬಿದ್ದು ಗಂಟೆಗಟ್ಟಲೆ ಸುಮ್ಮನೆ ಬಿದ್ದಿದ್ದ ಗಾಡಿ ಬಳಕೆಯಲ್ಲಿತ್ತು ಅಂತ ಹೇಗೆ ಹೇಳುತ್ತೀರಿ? ಕೋರ್ಟ್ ಒಪ್ಪಲಿಲ್ಲ. ಗಾಡಿ ನಿಂತಿದ್ದರೂ, ಕೆಟ್ಟು ಬಿದ್ದಿದ್ದರೂ ಬಳಕೆ ಅನ್ನುವ ಮಾತು ಅದಕ್ಕೂ ಅನ್ವಯಿಸಬಹುದು ಅಂದಿತು. ಟ್ಯಾಂಕರ್‌ಗೂ ನಮ್ಮ ಕಾರಿಗೂ ಹೋಲಿಕೆ ಇಲ್ಲ, ನಿಜ. ಆದರೆ "ನಿಂತಿತ್ತು ಸಾರ್, ನಾವು ಓಡಿಸಲಿಲ್ಲ" ಅನ್ನುವ ಮಾತನ್ನು ನೆಚ್ಚಿಕೊಂಡು ಕೂರಲು ಆಗುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದಾಗ.

ಇನ್ನೊಂದು ಪ್ರಕರಣ ನಮ್ಮ ದೇಶದ್ದಲ್ಲ, ಆದರೂ ನಮ್ಮ ಮನೆಯ ಕತೆಗೆ ತುಂಬ ಹತ್ತಿರ. ಪೋರ್ಚುಗಲ್‌ನಲ್ಲಿ ಒಬ್ಬ ಹೆಂಗಸು ಆರೋಗ್ಯ ಸರಿಯಿಲ್ಲದೆ ಕಾರು ಓಡಿಸುವುದನ್ನು ಬಿಟ್ಟು ಮನೆಯ ಅಂಗಳದಲ್ಲಿ ನಿಲ್ಲಿಸಿದ್ದರು. ವಿಮೆ ಇರಲಿಲ್ಲ, ನೋಂದಣಿಯನ್ನು ತೆಗೆಸಿಯೂ ಇರಲಿಲ್ಲ. 2006ರಲ್ಲಿ ಮಗ ಅವರಿಗೆ ಹೇಳದೆ ಕಾರು ತೆಗೆದುಕೊಂಡು ಹೋದ. ಅಪಘಾತವಾಗಿ ಅವನೂ, ಜೊತೆಯಲ್ಲಿದ್ದ ಇಬ್ಬರೂ ಸತ್ತರು. ಆ ಇಬ್ಬರ ಮನೆಯವರಿಗೆ ಅಲ್ಲಿನ ಸರ್ಕಾರಿ ನಿಧಿ 4,37,000 ಯೂರೋಗೂ ಜಾಸ್ತಿ ಪರಿಹಾರ ಕೊಟ್ಟು, ಆ ದುಡ್ಡನ್ನು ವಾಪಸ್ ಕೊಡಿ ಅಂತ ತಾಯಿಯ ಮೇಲೆ ಕೇಸು ಹಾಕಿತು. 2018ರಲ್ಲಿ ಯುರೋಪಿನ ಕೋರ್ಟು ಹೇಳಿದ್ದು, ನೋಂದಣಿ ಇದ್ದು ಓಡುವ ಸ್ಥಿತಿಯಲ್ಲಿರುವ ಗಾಡಿಗೆ ವಿಮೆ ಇರಲೇಬೇಕು, ಅದು ಸ್ವಂತ ಜಾಗದಲ್ಲಿ ನಿಂತಿದ್ದರೂ, ಓಡಿಸುವ ಯೋಚನೆ ಮಾಲೀಕರಿಗೆ ಇಲ್ಲದಿದ್ದರೂ. ಅದು ಅಲ್ಲಿನ ಕಾನೂನು, ನಮಗೆ ಲಾಗೂ ಆಗುವುದಿಲ್ಲ. ಆದರೆ ಮಗನನ್ನೂ ಕಳೆದುಕೊಂಡು ಆ ಬಿಲ್ಲನ್ನೂ ಎದುರಿಸಬೇಕಾದ ಆ ತಾಯಿಯ ಪಾಡು ಇದೆಯಲ್ಲ, ಅದು ಯಾವ ದೇಶದಲ್ಲಾದರೂ ಆಗಬಹುದಾದದ್ದು.

ಇಷ್ಟಾದ ಮೇಲೆ ಪಾಲಿಸಿ ತೆಗೆದುಕೊಂಡೆ. ಈಗ ದುಡ್ಡಿನ ವಿಷಯ.

ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಕಂಪನಿಗಳು ತಮ್ಮಿಷ್ಟಕ್ಕೆ ಇಡುವ ಹಾಗಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಸ್ವಂತ ಬಳಕೆಯ ಕಾರು 1,000 ಸಿಸಿ ಒಳಗಿದ್ದರೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416, ಅದರ ಮೇಲೆ 7,897. ಬೈಕು ಸ್ಕೂಟರುಗಳಿಗೆ ಇನ್ನೂ ಕಡಿಮೆ, 75ರಿಂದ 150 ಸಿಸಿಗೆ 714 ರೂಪಾಯಿ. ಇದರ ಮೇಲೆ 18% ಜಿಎಸ್‌ಟಿ. ನಮ್ಮದು 1,197 ಸಿಸಿ, ಹಾಗಾಗಿ 3,416ಕ್ಕೆ ತೆರಿಗೆ ಸೇರಿ 4,031 ರೂಪಾಯಿ. ತಿಂಗಳಿಗೆ ಹಾಕಿ ನೋಡಿದರೆ 336. ಸ್ಕೂಟರ್ ಗೇಟು ರಿಪೇರಿಗೆ ನಾವು ಕೊಟ್ಟ ದುಡ್ಡಿನಲ್ಲಿ ಎರಡೂವರೆ ವರ್ಷಕ್ಕೂ ಜಾಸ್ತಿ ಪಾಲಿಸಿ ಬರುತ್ತಿತ್ತು.

ಈ ದುಡ್ಡಿಗೆ ಏನು ಸಿಗುತ್ತದೆ? ನಮ್ಮ ಗಾಡಿಯಿಂದ ಬೇರೆಯವರು ಸತ್ತರೆ ಅಥವಾ ಗಾಯಗೊಂಡರೆ ಕೋರ್ಟು ಎಷ್ಟು ಪರಿಹಾರ ಹೇಳುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕು, ಅದಕ್ಕೆ ಮೇಲಿನ ಮಿತಿ ಇಲ್ಲ. ಬೇರೆಯವರ ಆಸ್ತಿಗೆ ಹಾನಿಯಾದರೆ ಕಾರಿಗೆ 7.5 ಲಕ್ಷದವರೆಗೆ, ದ್ವಿಚಕ್ರ ವಾಹನಕ್ಕೆ 1 ಲಕ್ಷದವರೆಗೆ. ಈ ಆಸ್ತಿ ಮಿತಿಯನ್ನು 6,000ಕ್ಕೆ ಇಳಿಸಿಕೊಂಡರೆ ಪ್ರೀಮಿಯಂ ಒಂದಿಷ್ಟು ಕಡಿಮೆಯಾಗುತ್ತದೆ ಅಂತ ಒಂದು ಆಯ್ಕೆ ಬರುತ್ತದೆ, ಅದನ್ನು ಮುಟ್ಟಲೇಬೇಡಿ. ಇವತ್ತು ಎಷ್ಟೋ ಕಾರುಗಳ ಒಂದು ಹೆಡ್‌ಲೈಟ್ ಕೂಡ ಆ ದುಡ್ಡಿಗೆ ಬರುವುದಿಲ್ಲ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 2022ರ ಏಪ್ರಿಲ್‌ನಿಂದ ಕಾಯ್ದೆಯ 164ನೇ ಸೆಕ್ಷನ್ ಜಾರಿಯಲ್ಲಿದೆ, ಅದರಲ್ಲಿ ತಪ್ಪು ಯಾರದು ಅಂತ ಸಾಬೀತು ಮಾಡುವ ಅಗತ್ಯವೇ ಇಲ್ಲ. ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ, ಮಾಲೀಕರು ಅಥವಾ ಅವರ ವಿಮಾ ಕಂಪನಿ ಕೊಡಬೇಕು. ವಿಮೆ ಇಲ್ಲದಿದ್ದರೆ ಆ 'ಅಥವಾ'ದಲ್ಲಿ ಉಳಿಯುವುದು ಮಾಲೀಕರು ಮಾತ್ರ.

ಕೊಳ್ಳುವ ಅನುಭವ ಚೆನ್ನಾಗಿತ್ತು ಅಂತಲೇ ಹೇಳಬೇಕು, ಒಂದೆರಡು ಕಿರಿಕಿರಿ ಬಿಟ್ಟು. ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಮಾದರಿ, ವರ್ಷ, ಸಿಸಿ ತಾನೇ ಬರುತ್ತದೆ. ಹಳೆಯ ಪಾಲಿಸಿ ಮುಗಿದು ತಿಂಗಳುಗಳಾಗಿದ್ದರೂ ಗಾಡಿ ತಪಾಸಣೆ ಕೇಳಲಿಲ್ಲ, ಯಾಕೆಂದರೆ ಥರ್ಡ್ ಪಾರ್ಟಿಯಲ್ಲಿ ನಮ್ಮ ಗಾಡಿಯ ಸ್ಥಿತಿ ಅವರಿಗೆ ಮುಖ್ಯವಲ್ಲ. ಇದೇ ನಮ್ಮ ಗಾಡಿಯ ಹಾನಿಯೂ ಸೇರುವ ಪೂರ್ತಿ ವಿಮೆ ಆಗಿದ್ದರೆ ಫೋಟೋ, ವಿಡಿಯೋ, ತಪಾಸಣೆಯವರು ಎಲ್ಲ ಬರುತ್ತಿದ್ದರು. ಹತ್ತು ನಿಮಿಷದಲ್ಲಿ ಪಾಲಿಸಿ ಮೇಲ್‌ಗೆ ಬಂತು. ಆದರೆ ಶುರುವಾಗುವ ತಾರೀಖು ಅವತ್ತಿನದಲ್ಲ, ಎರಡು ದಿನ ಬಿಟ್ಟು. ದುಡ್ಡು ಕಟ್ಟಿದ ತಕ್ಷಣ ರಕ್ಷಣೆ ಶುರು ಅಂದುಕೊಂಡು ಅದೇ ಸಂಜೆ ಗಾಡಿ ಹೊರಗೆ ತೆಗೆದರೆ ಕೆಟ್ಟಿರಿ. ಪಾಲಿಸಿಯ ಮೇಲೆ ತಾರೀಖು ಮಾತ್ರವಲ್ಲ, ಗಂಟೆಯೂ ಬರೆದಿರುತ್ತದೆ, ನೋಡಿ.

ಎರಡನೇ ಕಿರಿಕಿರಿ ನಿಜವಾಗಿ ಬೇಸರ ತಂದದ್ದು. ಪಾವತಿ ಪುಟಕ್ಕೆ ಬರುವಷ್ಟರಲ್ಲಿ ಮೊತ್ತ 4,031ಕ್ಕಿಂತ ಜಾಸ್ತಿ ಆಗಿತ್ತು. ಮೇಲೆ ಹೋಗಿ ನೋಡಿದರೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, ಅಂದರೆ ಅಪಘಾತದಲ್ಲಿ ಮಾಲೀಕರಿಗೇ ಏನಾದರೂ ಆದರೆ ಅಂತ ಇರುವ 15 ಲಕ್ಷದ್ದು, ಮೊದಲೇ ಟಿಕ್ ಆಗಿ ಕೂತಿದೆ. ಇದು ಒಳ್ಳೆಯ ವಿಮೆ, ಸಾಮಾನ್ಯ ಮಾಲೀಕರಿಗೆ ಕಡ್ಡಾಯ ಕೂಡ. ಆದರೆ ಅದು ಸಿಗಬೇಕಾದರೆ ಮಾಲೀಕರ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು. ಅಪ್ಪನ ಲೈಸೆನ್ಸ್ ಮುಗಿದಿದೆ, ರಿನ್ಯೂ ಮಾಡಿಸುವುದೂ ಇಲ್ಲ. ಅವರ ಹೆಸರಿನಲ್ಲಿ ಆ ದುಡ್ಡು ಕಟ್ಟಿದರೆ ಕ್ಲೇಮ್ ಯಾವತ್ತೂ ಬರುವುದಿಲ್ಲ. ಟಿಕ್ ತೆಗೆದರೆ ಕಾರಣ ಕೇಳುತ್ತದೆ, ಚಾಲ್ತಿ ಲೈಸೆನ್ಸ್ ಇಲ್ಲ ಅಂತ ಆರಿಸಿದೆ, ಮೊತ್ತ ಕೆಳಗೆ ಇಳಿಯಿತು. ವಯಸ್ಸಾದವರ ಹೆಸರಿನಲ್ಲಿ ನಿಂತಿರುವ ಗಾಡಿಗಳು ನಮ್ಮಲ್ಲಿ ಎಷ್ಟಿವೆ ಅಂತ ಯೋಚಿಸಿ. ಅವರಲ್ಲಿ ಎಷ್ಟು ಜನ ಇದನ್ನು ಗಮನಿಸದೆ ವರ್ಷ ವರ್ಷ ಕಟ್ಟುತ್ತಿದ್ದಾರೋ. ಈಗಾಗಲೇ ಬೇರೆ ಗಾಡಿಯ ಮೇಲೆ ಈ ವಿಮೆ ಇದ್ದವರೂ ಎರಡನೇ ಸಲ ಕಟ್ಟಬೇಕಾಗಿಲ್ಲ.

ಎಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿ ಜೊತೆ ಹೋಲಿಸಿ ನೋಡುವುದು ಇನ್ನೊಂದು ಕೆಲಸ. ಎರಡನೇ ವರ್ಷದ ಪಾಲಿಸಿಯಲ್ಲಿ ಚಾಸಿ ನಂಬರಿನ ಒಂದು ಅಂಕಿ ತಪ್ಪಿತ್ತು. ಫೋನ್ ಮಾಡಿದೆ, ಮೇಲ್ ಮಾಡಿ ಅಂದರು, ಮೇಲ್ ಮಾಡಿದರೆ ಆರ್‌ಸಿ ಎರಡೂ ಬದಿ ಕಳಿಸಿ ಅಂದರು, ಕಳಿಸಿದ ಮೇಲೆ ಹನ್ನೊಂದು ದಿನಕ್ಕೆ ತಿದ್ದುಪಡಿ ಬಂತು. ಒಂದು ಅಂಕಿಗೆ ಹನ್ನೊಂದು ದಿನ ಜಾಸ್ತಿಯಾಯಿತು. ಮೂರನೇ ವರ್ಷ ಬೇರೆ ಕಡೆ ಹೋಗಲು ಅದೇ ಕಾರಣ. ಪಾಲಿಸಿ ಬಂದ ಕೆಲವು ದಿನಕ್ಕೆ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ, ವಿಮೆಯ ತಾರೀಖು ಹೊಸದು ಬಂದಿದೆಯಾ ಅಂತ ನೋಡಿಕೊಳ್ಳಿ. ಪೊಲೀಸರು ನೋಡುವುದೂ ಅಲ್ಲೇ.

ಈಗ ಈ ಪಾಲಿಸಿಯಲ್ಲಿ ಏನಿಲ್ಲ ಅನ್ನುವುದನ್ನು ಹೇಳಬೇಕು, ಇಲ್ಲದಿದ್ದರೆ ಅರ್ಧ ಹೇಳಿದ ಹಾಗೆ. ನಮ್ಮ ಗಾಡಿಗೆ ಏನಾದರೂ ಒಂದು ರೂಪಾಯಿ ಕೂಡ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಾನೆಟ್ ತೆಗೆದರೆ ಬ್ಯಾಟರಿ ಪಕ್ಕದಲ್ಲಿ ಒಣ ಎಲೆ, ಬಟ್ಟೆ ಚೂರು, ತೆಂಗಿನ ನಾರು ಸೇರಿಸಿ ಇಲಿ ಗೂಡು ಕಟ್ಟಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ ಒಂದು ಗೇಣು ಉದ್ದಕ್ಕೆ ಸುಲಿದು ಒಳಗಿನ ತಾಮ್ರ ಹೊಳೆಯುತ್ತಿತ್ತು. ಅದರ ರಿಪೇರಿ ಪೂರ್ತಿ ನಮ್ಮದೇ. ಮರ ಬಿದ್ದರೆ, ನೀರು ನುಗ್ಗಿದರೆ, ಬೆಂಕಿ ಬಿದ್ದರೆ, ಕಳ್ಳತನವಾದರೆ ಎಲ್ಲವೂ ನಮ್ಮದೇ. ನಿಂತ ಗಾಡಿಗೆ ನಿಜವಾದ ಭಯ ಇವುಗಳದ್ದೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ನಿಮ್ಮ ಗಾಡಿಗೆ ಇನ್ನೂ ಒಳ್ಳೆಯ ಬೆಲೆ ಇದ್ದರೆ ಥರ್ಡ್ ಪಾರ್ಟಿ ಜೊತೆಗೆ ಬೆಂಕಿ ಮತ್ತು ಕಳ್ಳತನ ಮಾತ್ರ ಸೇರಿಸುವ ಪಾಲಿಸಿ ಇದೆಯಾ ಅಂತ ಕಂಪನಿಯನ್ನು ಕೇಳಿ, ವೆಬ್‌ಸೈಟಿನಲ್ಲಿ ಕಾಣದಿದ್ದರೂ ಶಾಖೆಗೆ ಹೋಗಿ ಕೇಳಿ. ಪೂರ್ತಿ ವಿಮೆ ಇರುವವರು ಗಾಡಿಯನ್ನು ಕನಿಷ್ಠ ಎರಡು ತಿಂಗಳು ಶೆಡ್ಡಿನಲ್ಲೇ ಇಡುವುದಾದರೆ, ಮೊದಲೇ ಬರೆದುಕೊಟ್ಟು ಆ ಅವಧಿಗೆ ರಿಯಾಯಿತಿ ಪಡೆಯುವ ಒಂದು ಷರತ್ತು ನಮ್ಮ ಮೋಟಾರು ವಿಮೆಯ ಹಳೆಯ ನಿಯಮಾವಳಿಯಲ್ಲಿದೆ, ಐಎಂಟಿ 11 ಅಂತ. ಆ ಹೊತ್ತಿನಲ್ಲಿ ಗಾಡಿ ಹೊರಗೆ ತೆಗೆಯುವ ಹಾಗಿಲ್ಲ ಅನ್ನುವುದನ್ನು ಮರೆಯಬಾರದು.

ನಮಗೆ ಆದ ದೊಡ್ಡ ನಷ್ಟ ಬೇರೆ. ಅಪ್ಪ ವರ್ಷಗಟ್ಟಲೆ ಒಂದೂ ಕ್ಲೇಮ್ ಮಾಡದೆ 50% ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಗಳಿಸಿದ್ದರು, ಅಂದರೆ ಪೂರ್ತಿ ವಿಮೆಯ ಸ್ವಂತ ಹಾನಿ ಭಾಗದಲ್ಲಿ ಅರ್ಧ ರಿಯಾಯಿತಿ, ಅದಕ್ಕಿಂತ ಮೇಲೆ ಇಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಅದು ಹೋಗುತ್ತದೆ. ಹೋಯಿತು. ಥರ್ಡ್ ಪಾರ್ಟಿ ಕಟ್ಟಿದರೂ ಅದು ಉಳಿಯುವುದಿಲ್ಲ, ಯಾಕೆಂದರೆ ಆ ರಿಯಾಯಿತಿ ಸ್ವಂತ ಹಾನಿ ಭಾಗಕ್ಕೆ ಸೇರಿದ್ದು. ಅವತ್ತು ಏಜೆಂಟ್ ಫೋನಿನಲ್ಲಿ ಇದೊಂದು ಮಾತು ಹೇಳಿದ್ದರೆ ಸಾಕಿತ್ತು. ಹಳೆಯ ಗಾಡಿ ಮಾರಿ ಹೊಸದು ತೆಗೆದುಕೊಳ್ಳುವವರಾದರೆ ಎನ್‌ಸಿಬಿ ಪತ್ರ ಬರೆಸಿ ಇಟ್ಟುಕೊಳ್ಳಬಹುದು, ಅದು ಮೂರು ವರ್ಷ ನಡೆಯುತ್ತದೆ. ಮಾರದೆ ಸುಮ್ನೆ ನಿಲ್ಲಿಸಿದವರಿಗೆ ಆ ದಾರಿಯೂ ಇಲ್ಲ.

ಕೀ ಬಗ್ಗೆಯೂ ಒಂದು ಮಾತು, ಯಾಕೆಂದರೆ ಪಾಲಿಸಿ ಇದೆ ಅಂತ ಧೈರ್ಯ ಮಾಡಿಕೊಂಡು ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತು ಹಾಕುವ ಮನೆಗಳು ಬಹಳ. ಲೈಸೆನ್ಸ್ ಇಲ್ಲದವರು ಓಡಿಸಿ ಅಪಘಾತವಾದರೆ ಕಂಪನಿ ಗಾಯಗೊಂಡವರಿಗೆ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಓಡಿಸಿದ್ದು ಹದಿನೆಂಟು ತುಂಬದ ಮಗು ಆಗಿದ್ದರೆ 199ಎ ಸೆಕ್ಷನ್ ಬರುತ್ತದೆ: ಪೋಷಕರಿಗೆ ಅಥವಾ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ನಮ್ಮ ಕಾರಿನ ಎರಡೂ ಕೀ ಈಗ ಬೀರುವಿನ ಲಾಕರಿನಲ್ಲಿವೆ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟಿದ್ದೇನೆ. ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ, ಮೊದಲನೇ ಗೇರಿನಲ್ಲಿ ಬಿಟ್ಟು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದೇನೆ, ಒಂದೊಂದು ಕಲ್ಲೂ ತೆಂಗಿನಕಾಯಿಗಿಂತ ದೊಡ್ಡದು.

ಹಾಗಾದರೆ ನಿಂತ ಗಾಡಿ ಇರುವವರೆಲ್ಲ ಇದನ್ನು ತೆಗೆದುಕೊಳ್ಳಬೇಕಾ? ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವಷ್ಟು ದಿನ, ಹೌದು. ಬೇಡ ಅನ್ನಿಸಿದರೆ ಹೆಸರನ್ನು ತೆಗೆಸಿ. ಇದಕ್ಕೂ ಅದಕ್ಕೂ ನಡುವೆ ಇನ್ನೊಂದು ದಾರಿ ನನಗೆ ಕಾಣುತ್ತಿಲ್ಲ. ಗಾಡಿ ಕೊಟ್ಟಾಯಿತು, ದುಡ್ಡು ತೆಗೆದುಕೊಂಡಾಯಿತು, ಇನ್ನು ಅವರ ಪಾಡು ಅಂತ ಕೂರುವವರಿಗೂ ಇದೇ ಮಾತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಕೇಸಿನಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಕೈ ಬದಲಾಗಿ ಎಲ್ಲೋ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ಬಂದದ್ದು ಆ ಮೊದಲಿನವರ ಮೇಲೆ. ಆರ್‌ಟಿಓ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಮಾರಿದರೆ ಫಾರಂ 29, 30 ಕೊಟ್ಟು ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಓಡುವ ಸ್ಥಿತಿಯಲ್ಲೇ ಇಲ್ಲದ ಗಾಡಿಯಾದರೆ ಗುಜರಿಗೆ ಹಾಕುವುದು ಒಳ್ಳೆಯದು. ಆದರೆ ತೂಕಕ್ಕೆ ತೆಗೆದುಕೊಳ್ಳುವ ಯಾರೋ ಒಬ್ಬರಿಗೆ ಕೊಟ್ಟು ಸುಮ್ಮನಾಗಬೇಡಿ. ಸರ್ಕಾರದಲ್ಲಿ ನೋಂದಣಿಯಾದ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡಿ, ಅವರು ಗಾಡಿ ತಮಗೆ ಒಪ್ಪಿಸಿದ್ದಕ್ಕೆ ದಾಖಲೆಯಾಗಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಕೊಡುತ್ತಾರೆ. ಆರ್‌ಸಿ ರದ್ದಾದ ಕಾಗದ ಕೈಗೆ ಬಂದ ಮೇಲೆ ಪಾಲಿಸಿ ರದ್ದು ಮಾಡಿಸಿ. ಥರ್ಡ್ ಪಾರ್ಟಿ ಪಾಲಿಸಿಯನ್ನು ಬರೀ ಬೇಡ ಅಂದರೆ ರದ್ದು ಮಾಡುವುದಿಲ್ಲ, ಬೇರೆ ಕಡೆ ವಿಮೆ ಇರುವುದಕ್ಕೋ ನೋಂದಣಿ ಹೋಗಿರುವುದಕ್ಕೋ ದಾಖಲೆ ಕೇಳುತ್ತಾರೆ. ಆ ಕಟ್ಟುನಿಟ್ಟು ಸರಿಯಾದದ್ದೇ.

ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಎರಡು ಕಾರಣಕ್ಕೆ. ಹೊಸ ಕಾರು ಕೊಂಡವರಿಗೆ 2018ರ ಸೆಪ್ಟೆಂಬರಿನಿಂದ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುತ್ತದೆ, ಹೊಸ ಬೈಕಿಗೆ ಐದು ವರ್ಷದ್ದು. ನಮ್ಮ ಹಳೆಯ ಕಾರಿಗೆ ನನಗೆ ಸಿಕ್ಕಿದ್ದು ಮಾತ್ರ ಒಂದೊಂದೇ ವರ್ಷದ್ದು. ದಿನಾ ಕಣ್ಣಿಗೆ ಬೀಳುವ ಗಾಡಿಯ ವಿಮೆ ನೆನಪಿರುತ್ತದೆ, ಮೂಲೆಯಲ್ಲಿ ನಿಂತ ಗಾಡಿಯದ್ದು ಮರೆತೇ ಹೋಗುತ್ತದೆ, ಹಾಗಿರುವಾಗ ಮೂರು ವರ್ಷದ್ದು ಒಟ್ಟಿಗೆ ಬೇಕಾಗಿರುವುದು ಇಂಥ ಗಾಡಿಗೇ. ಇನ್ನೊಂದು, ಆ ಮೊದಲೇ ಹಾಕಿಟ್ಟ ಟಿಕ್.

ಮುಂದಿನ ವರ್ಷ ಕಾರಿಗೆ ಹದಿನೈದು ತುಂಬುತ್ತದೆ. ಆರ್‌ಸಿ ಮುಂದುವರಿಸಬೇಕಾದರೆ ಫಾರಂ 25, ತಪಾಸಣೆ, ಐದು ಸಾವಿರದ ಶುಲ್ಕ ಎಲ್ಲ ಇದೆ. ಕಾರು ಇಡುವುದೋ ಬಿಡುವುದೋ ಅಂತ ಆಗ ಅಪ್ಪನ ಜೊತೆ ಕೂತು ಮಾತಾಡಬೇಕು. ಈ ಪಾಲಿಸಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಸಿದ್ದಾರೆ, ತಮಗೂ ಕಾಣುವಷ್ಟು ದಪ್ಪಗೆ.